ಸಾಸಿವೆ ಡಬ್ಬಿಯ ದುಡ್ಡೂ ಫೋನಿನೊಳಗಿನ ರೂಪಾಯಿಯೂ

ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಕೂಡಿಡದ ಗೃಹಿಣಿ ನಮ್ಮಲ್ಲಿ ಯಾರಿದ್ದಾರೆ, ಹೇಳಿ? ತಿಂಗಳ ಸಾಮಾನಿನಲ್ಲಿ ಉಳಿಸಿದ್ದು, ತವರಿಗೆ ಹೋದಾಗ ಅರಿಶಿನ-ಕುಂಕುಮಕ್ಕೆಂದು ಅಮ್ಮ ಕೈಗಿಟ್ಟದ್ದು, ಹಳೇ ಪೇಪರ್ ಮಾರಿ ಬಂದದ್ದು, ಎಲ್ಲ ಸೇರಿ ಒಂದು ಪುಟ್ಟ ಗಂಟು. ಯಜಮಾನರಿಗೆ ಅದರ ಲೆಕ್ಕ ಗೊತ್ತಿರೋದಿಲ್ಲ, ಗೊತ್ತಿರಲೂಬಾರದು ಅನ್ನಿ! ರಾತ್ರಿ ಹೊತ್ತು ಮಗುವಿಗೆ ಜ್ವರ ಬಂದರೆ ಆಟೋಗೆ, ಔಷಧಿಗೆ ಮೊದಲು ಕೈಗೆ ಬರುವುದು ಆ ಗಂಟೇ.

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟುಗಳು ರದ್ದಾದಾಗ ಎಷ್ಟೋ ಮನೆಗಳಲ್ಲಿ ಈ ಗುಟ್ಟು ರಟ್ಟಾಯಿತು. ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟಬೇಕಿತ್ತು. ಸ್ವಂತ ಖಾತೆ ಇಲ್ಲದವರು ಗಂಡನ ಮುಂದೆಯೇ ಡಬ್ಬಿ ಸುರಿಯಬೇಕಾಯಿತು. ಕೊಟ್ಟ ಹಣ ಮತ್ತೆ ಆಕೆಯ ಕೈಗೇ ಬಂತೇ ಎಂದು ಯಾರೂ ಕೇಳಲಿಲ್ಲ.

ಈಗ ಡಿಜಿಟಲ್ ರೂಪಾಯಿ ಎಂಬ ಹೊಸ ಮಾತು ಬಂದಿದೆ. ರಿಸರ್ವ್ ಬ್ಯಾಂಕ್ ಇದನ್ನು ಜನಸಾಮಾನ್ಯರಿಗೆಂದು 2022ರ ಡಿಸೆಂಬರ್ 1ರಂದು ಮುಂಬೈ, ದೆಹಲಿ, ಬೆಂಗಳೂರು, ಭುವನೇಶ್ವರಗಳಲ್ಲಿ ಪ್ರಯೋಗವಾಗಿ ಶುರು ಮಾಡಿತು. “ಅಂಗಡೀಲಿ ಸ್ಕ್ಯಾನ್ ಮಾಡ್ತೀವಲ್ಲ, ಅದೇ ತಾನೆ?” ಎನ್ನಬೇಡಿ. ನಾವು ಸ್ಕ್ಯಾನ್ ಮಾಡಿ ಕಳಿಸುವ ಯುಪಿಐ ಹಣ ಬ್ಯಾಂಕಿನ ಖಾತೆಯಿಂದ ಖಾತೆಗೆ ಹೋಗುತ್ತದೆ. ಡಿಜಿಟಲ್ ರೂಪಾಯಿ ಹಾಗಲ್ಲ. ಅದೇ ಒಂದು ನೋಟು, ಕಾಗದವಿಲ್ಲ ಅಷ್ಟೆ. ಬ್ಯಾಂಕಿನ ಆ್ಯಪ್ ಹಾಕಿಕೊಂಡು, ಖಾತೆಯಿಂದ ಬೇಕಾದಷ್ಟನ್ನು ಫೋನಿನ ಪರ್ಸಿಗೆ ತುಂಬಿಕೊಳ್ಳಬೇಕು. ಜವಾಬ್ದಾರಿ ರಿಸರ್ವ್ ಬ್ಯಾಂಕಿನದು. ಡಬ್ಬಿಯ ದುಡ್ಡಿನ ಹಾಗೇ ಇದಕ್ಕೂ ಬಡ್ಡಿ ಇಲ್ಲ.

ಹಾಗಾದರೆ ಇದು ಹೊಸ ಸಾಸಿವೆ ಡಬ್ಬಿಯೇ? ಪೂರ್ತಿ ಅಲ್ಲ. ಖಾತೆಯಿಂದ ತುಂಬಿಕೊಂಡದ್ದು ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ಖಾತೆ ಯಜಮಾನರದ್ದಾದರೆ ಗುಟ್ಟು ಅಲ್ಲಿಗೇ ಮುಗಿಯಿತು! ಆದ್ದರಿಂದ ಮೊದಲು ಬೇಕಾದದ್ದು ನಿಮ್ಮ ಹೆಸರಿನದೇ ಖಾತೆ, ನಿಮ್ಮದೇ ಫೋನ್ ನಂಬರ್. ಪಿನ್ ನಂಬರನ್ನು ಕ್ಯಾಲೆಂಡರ್ ಮೇಲೆ ಬರೆದಿಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಮಗನಿಗೆ ಹೇಳಿ ಮಾಡಿಸುವುದಕ್ಕಿಂತ ಒಂದೆರಡು ಸಲ ತಪ್ಪಾದರೂ ಐದೋ ಹತ್ತೋ ರೂಪಾಯಿ ನೀವೇ ಕಳಿಸಿ ಕಲಿಯಿರಿ.

ಇನ್ನು ಬಿಟ್‌ಕಾಯಿನ್. 2009ರಲ್ಲಿ ಹುಟ್ಟಿದ ಇದನ್ನೂ ಡಿಜಿಟಲ್ ಹಣ ಅಂತಾರೆ. ಆದರೆ ಇದರ ಹಿಂದೆ ಯಾವ ಸರ್ಕಾರದ ಭರವಸೆಯೂ ಇಲ್ಲ. ಇವತ್ತಿನ ಬೆಲೆ ನಾಳೆ ಇರುತ್ತದೆಂಬ ನಂಬಿಕೆಯಿಲ್ಲ. 2022ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಇದರ ಲಾಭಕ್ಕೆ ಶೇಕಡಾ 30 ತೆರಿಗೆ. ಇದರಲ್ಲಾದ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆದು ತೋರಿಸುವಂತಿಲ್ಲ. ಯಾರೋ ಪರಿಚಯದವರು “ಅಕ್ಕಾ, ಆರು ತಿಂಗಳಲ್ಲಿ ಎರಡರಷ್ಟು ಮಾಡಿಕೊಡ್ತೀನಿ” ಎಂದರೆ, ಕಾಫಿ ಕೊಟ್ಟು ಕಳಿಸಿಬಿಡಿ.

ನಾನೂ ಫೋನಿನಲ್ಲಿ ಹಣ ಕಳಿಸುವುದನ್ನು ಕಲಿತಿದ್ದೇನೆ. ಆದರೆ ಕರೆಂಟ್ ಹೋಗಿ ಫೋನ್ ಆರಿಹೋದ ದಿನ ಬಾಗಿಲಿಗೆ ಬಂದ ಸೊಪ್ಪಿನವಳಿಗೆ ಚಿಲ್ಲರೆ ಕೊಡಬೇಕಲ್ಲ? ಸಾಸಿವೆ ಡಬ್ಬಿಯನ್ನು ಇನ್ನೂ ಬರಿದು ಮಾಡಿಲ್ಲ.