ಮತ್ತೆ ಓಡಿದ ಜ್ಯಾಕ್ ಬಾವರ್‌ ಗಡಿಯಾರ

ಎಂಟು ಆವೃತ್ತಿಗಳ ಬಳಿಕ 2010ರ ಮೇ ತಿಂಗಳಲ್ಲಿ ಮುಕ್ತಾಯಗೊಂಡಿದ್ದ ಅಮೆರಿಕದ ಫಾಕ್ಸ್ ವಾಹಿನಿಯ ಭಯೋತ್ಪಾದನಾ ನಿಗ್ರಹ ಧಾರಾವಾಹಿ '24', 2014ರ ಮೇ 5ರಂದು 'ಲಿವ್ ಅನದರ್ ಡೇ' ಎಂಬ ಹೆಸರಿನಲ್ಲಿ ಕಿರುತೆರೆಗೆ ಮರಳಿತು. ಎಂಟನೆಯ ಆವೃತ್ತಿಯಲ್ಲಿ ನಟಿಸಿದ್ದ ಅನಿಲ್ ಕಪೂರ್, ಅಷ್ಟರಲ್ಲಾಗಲೇ 2013ರಲ್ಲಿ ಇದರ ಹಿಂದಿ ರೂಪವನ್ನು ತೆರೆಗೆ ತಂದಿದ್ದರು.

2001ರ ನವೆಂಬರ್‌ನಲ್ಲಿ ಆರಂಭವಾದ ಧಾರಾವಾಹಿಯ ವೈಶಿಷ್ಟ್ಯ ಕಾಲ. ಜಾಹೀರಾತೂ ಸೇರಿ ಒಂದು ಕಂತಿಗೆ ಒಂದು ಗಂಟೆ. 24 ಕಂತುಗಳಿಗೆ ಒಂದು ದಿನ. ಮರಳಿದಾಗ ಕಂತುಗಳು 12ಕ್ಕೆ ಇಳಿದವು. ಕೊನೆಯ ಕಂತಿನಲ್ಲಿ ಕಥೆ 12 ಗಂಟೆ ಮುಂದಕ್ಕೆ ಜಿಗಿದು ದಿನವನ್ನು ಪೂರ್ಣಗೊಳಿಸಿತು.

ಕೀಫರ್ ಸದರ್ಲೆಂಡ್ ನಿರ್ವಹಿಸಿದ ನಾಯಕ ಜ್ಯಾಕ್ ಬಾವರ್, ಅನಾಹುತಕ್ಕೆ ಮುನ್ನ ಸತ್ಯ ಹೊರಡಿಸಲು ಶಂಕಿತರಿಗೆ ಚಿತ್ರಹಿಂಸೆ ನೀಡುತ್ತಾನೆ. ಓಡುವ ಗಡಿಯಾರ ವೀಕ್ಷಕರಿಗೆ ವಿವೇಚನೆಗೆ ಬಿಡುವು ಕೊಡದು, ಹಿಂಸೆಯೇ ಅನಿವಾರ್ಯವೆನಿಸುತ್ತದೆ. ಇದು ಯುವ ಸೈನಿಕರಿಗೆ ತಪ್ಪು ಪಾಠ ಕಲಿಸುತ್ತಿದೆ ಎಂದು ಅಮೆರಿಕ ಸೇನೆಯ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನ್ನೆಗನ್ 2006ರಲ್ಲಿ ನಿರ್ಮಾಣ ತಂಡವನ್ನು ಭೇಟಿಯಾಗಿ ಆಕ್ಷೇಪಿಸಿದ್ದರು.

ಲಂಡನ್‌ನಲ್ಲಿ ನಡೆಯುವ 2014ರ ಕಥೆಯಲ್ಲಿ ಭಯದ ಮೂಲ ಬದಲಾಯಿತು: ಭಯೋತ್ಪಾದಕರ ಕೈಸೇರಿದ್ದು ಅಮೆರಿಕದ್ದೇ ಡ್ರೋನ್‌ಗಳು. ಆದರೆ ಗಡಿಯಾರದ ಅವಸರವೂ, ಅದು ಎತ್ತುವ ನೈತಿಕ ಪ್ರಶ್ನೆಯೂ ಹಾಗೆಯೇ ಉಳಿದವು.