ಕೃತಕ ಶ್ವಾಸಕ್ರಿಯೆ: ಒಂದು ಚಾರಿತ್ರಿಕ ಅವಲೋಕನ

ತಾನಾಗಿ ಉಸಿರಾಡಲಾರದ ರೋಗಿಗೆ ಹೊರಗಿನಿಂದ ಉಸಿರನ್ನು ಒದಗಿಸುವ ವಿಧಾನಕ್ಕೆ ಕೃತಕ ಶ್ವಾಸಕ್ರಿಯೆಯೆಂದು ಹೆಸರು. ಇದು ವೈದ್ಯರ ವಿಷಯ. ಇತಿಹಾಸದ ಅಧ್ಯಾಪಕನಿಗೆ ಇದರಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಆದರೆ ಈ ವಿದ್ಯೆ ಬೆಳೆದುಬಂದ ಬಗೆಯನ್ನು ಅರಿತರೆ, ಶಿರಾ ತಾಲ್ಲೂಕಿನ ಬರಗೂರಿನಂತಹ ಊರಿನಿಂದ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ಯಾವುದು ಅತ್ಯವಶ್ಯವೆಂಬುದು ಸ್ಪಷ್ಟವಾಗುತ್ತದೆ.

ಸಹಜವಾದ ಉಸಿರಾಟದಲ್ಲಿ ವಪೆಯು ಕೆಳಗಿಳಿದು ಎದೆಗೂಡು ಹಿಗ್ಗುತ್ತದೆ. ಆಗ ಗಾಳಿ ಒಳಸೇರುತ್ತದೆ. 1928ರಲ್ಲಿ ಬಾಸ್ಟನ್ನಿನಲ್ಲಿ ಬಳಕೆಗೆ ಬಂದ ‘ಕಬ್ಬಿಣದ ಶ್ವಾಸಕೋಶ’ವು ಈ ಕ್ರಮವನ್ನೇ ಅನುಕರಿಸಿತು. ತಲೆಯನ್ನು ಹೊರಗಿಟ್ಟು ದೇಹವನ್ನೆಲ್ಲ ಪೆಟ್ಟಿಗೆಯಲ್ಲಿ ಮಲಗಿಸಿ, ಒಳಗಿನ ವಾಯುಭಾರವನ್ನು ತಗ್ಗಿಸಿ ಎದೆಯನ್ನು ಹಿಗ್ಗಿಸುತ್ತಿದ್ದರು.

1952ರಲ್ಲಿ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಪಿಡುಗು ಆವರಿಸಿದಾಗ ಈ ಕ್ರಮ ಸಾಲದಾಯಿತು. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ಮೂರು ವಾರಗಳಲ್ಲಿ ಯಂತ್ರದ ನೆರವು ಪಡೆದ 31 ರೋಗಿಗಳ ಪೈಕಿ 27 ಮಂದಿ ಅಸುನೀಗಿದರು. ಕಂಠದ ಸ್ನಾಯುಗಳೂ ಸೋತಿದ್ದುದರಿಂದ ಜೊಲ್ಲು ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ನರು ಕತ್ತಿನಲ್ಲಿ ರಂಧ್ರ ಮಾಡಿ, ನಳಿಕೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಅದುಮಿ ಗಾಳಿಯನ್ನು ಒಳಕ್ಕೆ ತಳ್ಳಿದರು. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಅದುಮಿದರು. ನೂರಕ್ಕೆ ಎಂಬತ್ತನ್ನು ಮೀರಿದ್ದ ಮರಣಪ್ರಮಾಣ ನಲವತ್ತರ ಆಸುಪಾಸಿಗೆ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳಿಗೆ ಇದೇ ತಳಹದಿ. 1956ರಲ್ಲಿ ಡೆನ್ಮಾರ್ಕಿನಲ್ಲೇ, ವಿದ್ಯುತ್ತಾಗಲಿ ಅನಿಲದ ಸಿಲಿಂಡರಾಗಲಿ ಇಲ್ಲದೆ ತಾನೇ ಉಬ್ಬುವ ‘ಅಂಬು ಬ್ಯಾಗ್’ ಸಿದ್ಧವಾಯಿತು.

ಈ ವೃತ್ತಾಂತಕ್ಕೂ ನಮ್ಮ ಬಯಲುಸೀಮೆಗೂ ಏನು ಸಂಬಂಧ? ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚುವುದುಂಟು. ನೋವು ಅಲ್ಪ, ಗಾಯ ಕಾಣದಷ್ಟು ಸಣ್ಣದು. ಆದರೆ ವಿಷವು ನರಗಳ ತುದಿಯನ್ನು ಹಾಳುಮಾಡಿ, ಮೊದಲು ರೆಪ್ಪೆಗಳು ಜೋತು, ಬಳಿಕ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಪ್ರತಿವಿಷವನ್ನು ಬೇಗ ಕೊಡುವುದು ಅಗತ್ಯವೇ. ಆದರೆ ನರಕ್ಕೆ ಆಗಿಹೋದ ಹಾನಿಯನ್ನು ಅದು ಸರಿಪಡಿಸಲಾರದು. ಪೋಲಿಯೋ ರೋಗಿಯಂತೆಯೇ ಇಲ್ಲಿಯೂ ಮೂಲದೋಷ ಶ್ವಾಸಕೋಶದ್ದಲ್ಲ, ಅದನ್ನು ನಡೆಸುವ ನರ-ಸ್ನಾಯುಗಳದು. ಕೆಲವು ದಿನ ಉಸಿರನ್ನು ಒದಗಿಸಿದರೆ ನರಗಳು ಚೇತರಿಸಿಕೊಂಡು ರೋಗಿ ಎದ್ದು ಕೂಡಬಲ್ಲನು. ಕಣ್ಣು ತೆರೆಯದೆ, ಕೈಕಾಲು ಆಡಿಸದೆ ಬಿದ್ದಿರುವಾತನಿಗೆ ಒಳಗೆ ಪ್ರಜ್ಞೆ ಇರಬಹುದು. ಅವನನ್ನು ಸತ್ತವನೆಂದು ಎಣಿಸುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಶ್ವಾಸಕೋಶವೇ ಕೆಟ್ಟಾಗಿನ ಸ್ಥಿತಿ ಬೇರೆ. ಅಲ್ಲಿ ಹೆಚ್ಚು ಗಾಳಿ ಕೊಟ್ಟಷ್ಟೂ ಒಳಿತೆಂಬ ಭಾವನೆ ಬಹುಕಾಲವಿತ್ತು. ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗವು ಇದನ್ನು ಅಲ್ಲಗಳೆಯಿತು. ಎತ್ತರವನ್ನು ಆಧರಿಸಿ ಲೆಕ್ಕಹಾಕಿದ ತೂಕದ ಪ್ರತಿ ಕಿಲೋಗ್ರಾಮಿಗೆ 12 ಮಿಲಿಲೀಟರಿನಂತೆ ಗಾಳಿ ಪಡೆದವರಲ್ಲಿ ಶೇ. 39.8 ಮಂದಿ ಮೃತರಾದರೆ, 6 ಮಿಲಿಲೀಟರಿನವರಲ್ಲಿ ಮೃತರಾದವರು ಶೇ. 31 ಮಾತ್ರ. ಅತಿಯಾಗಿ ಹಿಗ್ಗಿಸಿದ ಶ್ವಾಸಕೋಶ ಇನ್ನಷ್ಟು ಗಾಸಿಗೊಳ್ಳುತ್ತದೆಂಬುದು ಇದರಿಂದ ಖಚಿತವಾಯಿತು. ಅಳತೆಯರಿಯದ ಉಪಕಾರವೂ ಅಪಕಾರವೇ.

2020ರ ಕೋವಿಡ್ ಕಾಲದಲ್ಲಿ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ವೆಂಟಿಲೇಟರುಗಳನ್ನು ತಯಾರಿಸುವ ಹೊಣೆಯನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ವಹಿಸಿಕೊಂಡಿತು. ಬೇಡಿಕೆ 30,000 ಯಂತ್ರಗಳದು. ಇದು ನಾಡಿಗೆ ಹೆಮ್ಮೆಯ ಸಂಗತಿ. ಆದರೆ ಯಂತ್ರಕ್ಕೆ ಅದನ್ನರಿತ ಕೈ ಬೇಕು. ಯಂತ್ರವಿರುವೆಡೆಗೆ ರೋಗಿ ಜೀವಸಹಿತ ತಲಪಬೇಕು. ಹಳ್ಳಿಗೂ ಆಸ್ಪತ್ರೆಗೂ ನಡುವಣ ದಾರಿಯಲ್ಲಿ ಆ ಜೀವವನ್ನು ಹಿಡಿದಿಡಬಲ್ಲುದು ಒಂದು ಚೀಲ ಮತ್ತು ಅದನ್ನು ಅದುಮಲು ಕಲಿತ ಎರಡು ಕೈಗಳು. ಕೋಪನ್‌ಹೇಗನ್ನಿನಲ್ಲಿ ಆ ಕೈಗಳು ವಿದ್ಯಾರ್ಥಿಗಳವಾಗಿದ್ದುವೆಂಬುದನ್ನು ನಮ್ಮ ಕಾಲೇಜುಗಳು ಮರೆಯಬಾರದು.