ಸಾಗರ ದಾಟಿದ ಮರದ ಹಕ್ಕಿ

2003ನೆಯ ಇಸವಿ ಆಗಸ್ಟ್ 9ರ ಸಂಜೆ. ಕೆನಡಾ ದೇಶದ ಪೂರ್ವದ ಕಟ್ಟಕಡೆಯ ಅಂಚಾದ ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರ್ ಭೂಶಿರದ ಮೇಲೆ ಎಪ್ಪತ್ತೇಳು ವರ್ಷದ ಮುದುಕನೊಬ್ಬನು ನಿಂತಿದ್ದನು. ಆತನ ಕೈಯಲ್ಲಿ ಆರಡಿ ರೆಕ್ಕೆಯ ಪುಟ್ಟ ವಿಮಾನವೊಂದು ಗುಂಯ್‌ಗುಡುತ್ತಿತ್ತು. ಎದುರಿಗೆ ಅಟ್ಲಾಂಟಿಕ್ ಮಹಾಸಾಗರ. ಅದರಾಚೆಯ ದಡವಾದ ಐರ್ಲೆಂಡು ಅಲ್ಲಿಗೆ 3,000 ಕಿಲೋಮೀಟರುಗಳಿಗೂ ದೂರ. ಮುದುಕನಿಗೆ ಆ ಸಾಗರ ಸರಿಯಾಗಿ ಕಾಣುತ್ತಿರಲಿಲ್ಲ. ತನ್ನ ಕೈಯೊಳಗಿನ ವಿಮಾನವೂ ಮಸುಕು ಮಸುಕು. ಅದರ ಮೊರೆತವೂ ಮಂದವಾದ ಕಿವಿಗೆ ಅರ್ಧ ಮಾತ್ರ ತಲುಪುತ್ತಿತ್ತು. ಆದರೆ ಆ ವಿಮಾನದ ಒಂದೊಂದು ಕಡ್ಡಿಯೂ ಅವನ ಬೆರಳುಗಳಿಗೆ ಪರಿಚಿತವಾಗಿತ್ತು. ಕೈಬೀಸಿ ಅದನ್ನು ಗಾಳಿಗೆ ಎಸೆದನು.

ಹೀಗೆ ಎಸೆದವನ ಹೆಸರು ಮೇನಾರ್ಡ್ ಹಿಲ್. ವೃತ್ತಿಯಿಂದ ಲೋಹಶಾಸ್ತ್ರಜ್ಞ. ಅಮೆರಿಕದ ಮೇರಿಲೆಂಡ್ ಸಂಸ್ಥಾನದಲ್ಲಿರುವ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಬಹುಕಾಲ ದುಡಿದವನು. ಮನೆಗೆ ಬಂದನೆಂದರೆ ಮಾತ್ರ ಹುಡುಗುತನದ ಹುಚ್ಚನ್ನು ಬಿಡದ ಹುಡುಗನೇ. ಮರದ ಕಡ್ಡಿಗಳನ್ನು ಅಂಟಿಸಿ ವಿಮಾನ ಕಟ್ಟುವುದು, ನೆಲದ ಮೇಲೆ ನಿಂತು ರೇಡಿಯೋ ಅಲೆಗಳಿಂದ ಅದನ್ನು ನಡೆಸುವುದು, ಅದು ಮುರಿದರೆ ಮತ್ತೊಂದನ್ನು ಕಟ್ಟುವುದು: ಇದು ಅವನ ಜೀವಮಾನದ ಹವ್ಯಾಸ. ಇಂತಹ ವಿಮಾನಗಳ ಎತ್ತರ, ದೂರ, ವೇಗ, ಹಾರಾಟದ ಅವಧಿ ಇವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾಗತಿಕ ದಾಖಲೆಗಳು ಅವನ ಹೆಸರಿನಲ್ಲಿದ್ದವು. 1970ರಲ್ಲಿ ಅವನ ಒಂದು ವಿಮಾನವು ಸುಮಾರು 8,200 ಮೀಟರ್ ಎತ್ತರಕ್ಕೆ ಏರಿತು. ದುರ್ಬೀನಿನಲ್ಲಿಯೂ ಚುಕ್ಕೆಯಾಗಿ ಕಾಣುವಷ್ಟು ಎತ್ತರ ಅದು. ಅಂತಹ ಚುಕ್ಕೆಗಳನ್ನು ಬೆನ್ನಟ್ಟಿದ ಕಣ್ಣುಗಳೇ ಮುಪ್ಪಿನಲ್ಲಿ ಅವನಿಗೆ ಎರಡು ಬಗೆದವು. ಕಣ್ಣಿನ ಒಳಪರೆಯ ನಡುಭಾಗವು ಸವೆದುಹೋಗುವ ರೋಗ ಅವನದು. ಅಂತಹವರಿಗೆ ನೋಟದ ಅಂಚಿನಲ್ಲಿರುವುದು ಅಷ್ಟಿಷ್ಟು ಕಂಡೀತು. ನೇರವಾಗಿ ನೋಡಿದ್ದೇ ಮಾಯವಾಗುತ್ತದೆ. ಕಾನೂನಿನ ಲೆಕ್ಕದಲ್ಲಿ ಅವನು ಕುರುಡ. ಸಾಗರವನ್ನು ದಾಟಿಸುವ ಯೋಚನೆಯನ್ನು ಕೈಗೆತ್ತಿಕೊಂಡುದು ಈ ಸ್ಥಿತಿಯಲ್ಲಿ.

ರೇಡಿಯೋ ವಿಮಾನದ ಆಟ ಹೊಸದೇನೂ ಅಲ್ಲ. 1937ರಲ್ಲಿಯೇ ಮಿಷಿಗನ್ ಸಂಸ್ಥಾನದ ಕಲಮಜೂ ಪಟ್ಟಣದಲ್ಲಿ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸೋದರರು ‘ಗಫ್’ ಎಂಬ ವಿಮಾನವನ್ನು ಕಟ್ಟಿ ಹಾರಿಸಿದ್ದರು. ಅಂದಿನ ರೇಡಿಯೋ ಎಂದರೆ ಗಾಜಿನ ವಾಲ್ವುಗಳ, ಭಾರವಾದ ಬ್ಯಾಟರಿಗಳ ರೇಡಿಯೋ. ಅಷ್ಟನ್ನೂ ಹೊರಲು ಗಫ್‌ಗೆ ಎಂಟಡಿ ರೆಕ್ಕೆ ಬೇಕಾಯಿತು. ಅದೀಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಮಾನ ಸಂಗ್ರಹಾಲಯದ ಸೊತ್ತು. ಅವಳಿಗಳಲ್ಲಿ ವಾಲ್ಟರನು ಮುಂದೆ ಹಿಲ್ಲನಿದ್ದ ಪ್ರಯೋಗಾಲಯದಲ್ಲಿಯೇ ಕೆಲಸ ಮಾಡಿದನೆಂಬುದು ಒಂದು ಚೆಲುವಾದ ಯೋಗಾಯೋಗ.

ಸಾಗರ ದಾಟುವ ವಿಮಾನ ಎಷ್ಟು ದೊಡ್ಡದಿರಬೇಕು? ಬೇಕಾದಷ್ಟು ದೊಡ್ಡದು ಕಟ್ಟಿ, ಬೇಕಾದಷ್ಟು ಎಣ್ಣೆ ತುಂಬಿದರಾಯಿತು ಎಂದು ತೋರಬಹುದು. ಆದರೆ ಅಂತಾರಾಷ್ಟ್ರೀಯ ವಿಮಾನ ಒಕ್ಕೂಟದ ನಿಯಮವು ಇಲ್ಲಿ ಅಡ್ಡ ನಿಲ್ಲುತ್ತದೆ. ಮಾದರಿ ವಿಮಾನವೆನಿಸಿಕೊಂಡು ದಾಖಲೆ ಪಡೆಯಬೇಕಾದರೆ ಎಣ್ಣೆಯೂ ಸೇರಿ ಒಟ್ಟು ತೂಕ 5 ಕಿಲೋಗ್ರಾಂ ಮೀರಕೂಡದು. ರಾಗಿಯ ಸಣ್ಣ ಚೀಲವೊಂದರ ತೂಕ. ಇಷ್ಟರೊಳಗೆ ಒಡಲು, ರೆಕ್ಕೆ, ಬಾಲ, ಎಂಜಿನು, ರೇಡಿಯೋ, ದಾರಿ ತೋರುವ ಯಂತ್ರ, ಒಂದೂವರೆ ದಿನಕ್ಕೆ ಸಾಲುವ ಎಣ್ಣೆ ಎಲ್ಲವೂ ಅಡಗಬೇಕು. ಮರ, ಅಂಟು, ಹೊದಿಕೆಗಳಲ್ಲಿ ಉಳಿದ ಗ್ರಾಂ ಗ್ರಾಮೂ ಎಣ್ಣೆಯಾಗುತ್ತದೆ. ಎಣ್ಣೆಯೆಂದರೆ ಸಮುದ್ರದ ಮೇಲಿನ ದಾರಿ. ಹಿಲ್ಲನ ಪಾಲಿಗೆ ಅಟ್ಲಾಂಟಿಕ್ ಸಾಗರವು ಮನೆಯ ಕೆಲಸದ ಮೇಜಿನ ಮೇಲೆಯೇ ಆರಂಭವಾಗುತ್ತಿತ್ತು.

ಈ ಮನೆಗೆಲಸವು ಬಾಲ್ಸಾ ಮರದಿಂದ ಮೊದಲಾಗುತ್ತದೆ. ಬಾಲ್ಸಾ ದಕ್ಷಿಣ ಅಮೆರಿಕದ ಮರ; ಈಕ್ವೆಡಾರ್ ದೇಶವು ಅದರ ತವರು. ಬಹು ಬೇಗ ಬೆಳೆಯುವುದರಿಂದ ಒಣಗಿದಾಗ ಅದರ ತೂಕ ನೀರಿನ ತೂಕದ ಆರನೆಯ ಒಂದು ಪಾಲಿನಷ್ಟೇ. ಉಗುರಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಆದರೆ ಎಳೆಯ ಉದ್ದಕ್ಕೆ ಆಶ್ಚರ್ಯಕರವಾಗಿ ಗಟ್ಟಿ. ಹಲಗೆಯಿಂದ ಹಲಗೆಗೆ ತೂಕ ಬೇರೆ. ಬಲ್ಲವರು ಹಲಗೆಗಳನ್ನು ಒಂದೊಂದಾಗಿ ತಕ್ಕಡಿಯಲ್ಲಿಟ್ಟು, ಹಗುರಾದುದನ್ನು ಬಾಲಕ್ಕೆ, ಗಟ್ಟಿಯಾದುದನ್ನು ರೆಕ್ಕೆಯ ತೊಲೆಗೆ ಎಂದು ವಿಂಗಡಿಸುತ್ತಾರೆ. ಬಾಲದ ಕಡೆಗೆ ಒಂದು ಗ್ರಾಂ ಹೆಚ್ಚಾದರೆ, ಬಾಲವು ದೂರವಿರುವ ಕಾರಣ, ಮೂತಿಯ ಕಡೆ ಎರಡು ಮೂರು ಗ್ರಾಂ ಇಟ್ಟು ಸರಿದೂಗಿಸಬೇಕಾಗುತ್ತದೆ.

ಸಮತಟ್ಟಾದ ಹಲಗೆಯ ಮೇಲೆ ನಕ್ಷೆಯನ್ನು ಹಾಸಿ, ಅದರ ಮೇಲೆ ಮೇಣಗಾಗದವನ್ನು ಹೊದಿಸುವುದುಂಟು. ಇಲ್ಲವಾದರೆ ಅಂಟಿನೊಡನೆ ನಕ್ಷೆಯೂ ರೆಕ್ಕೆಗೆ ಹತ್ತಿಕೊಂಡು ಬರುತ್ತದೆ. ರೆಕ್ಕೆಯ ಪಕ್ಕೆಲುಬುಗಳು ಎಲ್ಲವೂ ಒಂದೇ ಆಕಾರದಲ್ಲಿರಬೇಕು. ಅವುಗಳನ್ನು ಒಟ್ಟಿಗೆ ಜೋಡಿಸಿ ಹಿಡಿದು, ಉಪ್ಪುಕಾಗದದಿಂದ ಒಮ್ಮೆಲೇ ಉಜ್ಜಿ ಸಮ ಮಾಡುತ್ತಾರೆ. ಬಳಿಕ ತೊಲೆಯ ಮೇಲೆ ಒಂದೊಂದನ್ನೇ ನಿಲ್ಲಿಸಿ, ಗುಂಡುಸೂಜಿಗಳಿಂದ ಕದಲದಂತೆ ಹಿಡಿದು, ಹನಿ ಹನಿಯಾಗಿ ಅಂಟು ಇಡುತ್ತಾರೆ. ಹೊಸಬರು ಅಂಟನ್ನು ಧಾರಾಳವಾಗಿ ಬಳಿಯುವುದು ಸಾಮಾನ್ಯ. ಬಂಧ ಗಟ್ಟಿಯಾಯಿತೆಂದು ಅವರ ಭ್ರಮೆ. ಗಟ್ಟಿಯಾಗುವುದು ತೂಕ ಮಾತ್ರ. ಎರಡು ಮರಗಳು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿದರೆ ಒಂದು ಹನಿ ಸಾಕು.

ಕಣ್ಣಿದ್ದವನು ಇದನ್ನೆಲ್ಲ ನೋಡಿ ಮಾಡುತ್ತಾನೆ. ಹಿಲ್ಲನು ಮುಟ್ಟಿ ಮಾಡಿದನು. ಐವತ್ತು ವರ್ಷಗಳಿಗೂ ಮೀರಿದ ಅಭ್ಯಾಸದಿಂದ ಪಳಗಿದ ಬೆರಳುಗಳು ಅಂಚಿನ ಏರಿಳಿತವನ್ನೂ ಬೆಸುಗೆಯ ಸಂದನ್ನೂ ತಡವಿಯೇ ತಿಳಿದುಕೊಳ್ಳುತ್ತಿದ್ದವು. ದಾರಿ ತೋರುವ ವಿದ್ಯುತ್ ಯಂತ್ರಗಳನ್ನು ಹವ್ಯಾಸದ ಗೆಳೆಯರು ವಹಿಸಿಕೊಂಡರು; ಮರದ ಕೆಲಸವನ್ನು ಮುದುಕನು ಬಿಟ್ಟುಕೊಡಲಿಲ್ಲ.

ಕೊನೆಯ ಹಂತ ಹೊದಿಕೆಯದು. ಹಿಂದೆ ತೆಳುಕಾಗದವನ್ನೋ ರೇಷ್ಮೆಯನ್ನೋ ಹೊದಿಸಿ, ಮೇಲೆ ಅರಗಿನಂತಹ ದ್ರಾವಣವನ್ನು ಹಲವು ಸಲ ಬಳಿಯುತ್ತಿದ್ದರು. ವಾಸನೆ ಮನೆಯನ್ನೆಲ್ಲ ತುಂಬುತ್ತಿತ್ತಾಗಿ ಮನೆಯವರ ಸಹನೆಗೂ ಅದೊಂದು ಪರೀಕ್ಷೆಯೇ. ಈಗ ತೆಳುವಾದ ಪ್ಲಾಸ್ಟಿಕ್ ಹಾಳೆ ಬಂದಿದೆ. ಸಣ್ಣ ಇಸ್ತ್ರಿಪೆಟ್ಟಿಗೆಯನ್ನು ಅಂಚಿನ ಮೇಲೆ ಹಾಯಿಸಿದರೆ ಹತ್ತಿಕೊಳ್ಳುತ್ತದೆ. ನಡುವೆ ಬಿಸಿ ತಾಗಿದರೆ ಕುಗ್ಗಿ ಮೃದಂಗದ ಚರ್ಮದಂತೆ ಬಿಗಿಯುತ್ತದೆ. ನೋಡುವವರಿಗೆ ಇದು ಬರೀ ಅಲಂಕಾರ. ವಾಸ್ತವವಾಗಿ ಹಾರಾಟದ ಭವಿಷ್ಯವು ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ. ಒಂದು ಕಡೆ ಬಿಸಿ ಹೆಚ್ಚಾದರೆ ಹಾಳೆಯು ಆ ಕಡೆ ಎಳೆದು ರೆಕ್ಕೆಯೇ ತಿರುಚಿಕೊಳ್ಳುತ್ತದೆ. ತಿರುಚಿದ ರೆಕ್ಕೆಯ ವಿಮಾನ ಸದಾ ಒಂದು ಪಕ್ಕಕ್ಕೆ ವಾಲುತ್ತದೆ; ಅದನ್ನು ಸರಿಪಡಿಸುತ್ತಲೇ ಹೋದರೆ ಗಾಳಿಯ ತಡೆ ಹೆಚ್ಚಿ ಎಣ್ಣೆ ವ್ಯರ್ಥ. ಬಣ್ಣದ ವಿಷಯವೂ ಹೀಗೆಯೇ. ಸಾಗರ ದಾಟಬೇಕಾದ ವಿಮಾನಕ್ಕೆ ಒಂದು ಬಳಿತದ ಬಣ್ಣವೂ ದುಬಾರಿ.

ಎಂಜಿನು ಜಪಾನಿನಲ್ಲಿ ಮಾದರಿ ವಿಮಾನಗಳಿಗೆಂದೇ ತಯಾರಾದದ್ದು. ಅದರ ಉರುಳೆಯ ಗಾತ್ರ 10 ಘನ ಸೆಂಟಿಮೀಟರ್. ಹಿಲ್ಲನು ಅದನ್ನು ಬಿಚ್ಚಿ, ತಿದ್ದಿ, ತಿಂಗಳುಗಟ್ಟಲೆ ಓಡಿಸಿ ನೋಡಿ, ಮಿತಾಹಾರವನ್ನು ಕಲಿಸಿದನು. ಅದಕ್ಕೆ ಉಣಿಸಿದ್ದು ಶಿಬಿರಗಳಲ್ಲಿ ಲಾಂದ್ರ ಉರಿಸುವ ಶುದ್ಧವಾದ ಎಣ್ಣೆ. ತುಂಬಿದ್ದು ಒಂದು ಅಮೆರಿಕನ್ ಗ್ಯಾಲನ್ನಿಗೂ, ಎಂದರೆ 3.8 ಲೀಟರಿಗೂ ಕಡಿಮೆ. ಗಂಟೆಗೆ ಒಂದು ಸಣ್ಣ ಲೋಟದಷ್ಟೂ ಖರ್ಚಾಗಕೂಡದು. ಆದರೂ ಹೊರಡುವಾಗಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ. ಅಷ್ಟು ಭಾರವು ದಾರಿಯಲ್ಲಿ ಕರಗುತ್ತ ಹೋಗುವುದರಿಂದ ತೊಟ್ಟಿಯನ್ನು ತೂಕದ ಕೇಂದ್ರದಲ್ಲಿಯೇ ಇಡದಿದ್ದರೆ ನಡುರಾತ್ರಿಯಲ್ಲಿ ವಿಮಾನ ಮೂತಿಯನ್ನೋ ಬಾಲವನ್ನೋ ಎತ್ತಿ ಕುಣಿಯತೊಡಗುತ್ತದೆ.

ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯಿಂದ ಸಾಗರದಾಚೆಗೆ ಆಜ್ಞೆ ಕೊಡಲಾಗುವುದಿಲ್ಲ. ಕಣ್ಣಿಗೆ ಕಾಣುವಷ್ಟು ದೂರವೇ ಅದರ ರಾಜ್ಯ. ಆದ್ದರಿಂದ ಹೊರಡಿಸುವುದು, ಇಳಿಸುವುದು ಮನುಷ್ಯನ ಕೈಕೆಲಸ. ನಡುವಿನ ದಾರಿಯನ್ನು ಉಪಗ್ರಹಗಳಿಂದ ತನ್ನ ಸ್ಥಾನವನ್ನು ಅರಿತುಕೊಳ್ಳುವ ಸ್ವಯಂಚಾಲಕ ಯಂತ್ರ ನೋಡಿಕೊಳ್ಳಬೇಕು.

2002ರ ಆಗಸ್ಟಿನಲ್ಲಿ ಮೂರು ವಿಮಾನಗಳನ್ನು ಹಾರಿಸಿದರು. ಮೂರೂ ಸಮುದ್ರದ ಪಾಲಾದವು. ತಿಂಗಳುಗಳ ಕೆಲಸ ಹೀಗೆ ಮಂಜಿನೊಳಗೆ ಹೋಗಿ ಮರಳಿ ಬಾರದಿದ್ದಾಗ, ಏನು ತಪ್ಪಾಯಿತೆಂದು ನೋಡಲು ಮುರುಕು ಕೂಡ ಸಿಗುವುದಿಲ್ಲ. ಮುದುಕನು ಮೇರಿಲೆಂಡಿಗೆ ಹಿಂತಿರುಗಿ ಮತ್ತೆ ಹಲಗೆಗಳನ್ನು ತೂಗತೊಡಗಿದನು. ಮರುವರ್ಷ ನಾಲ್ಕನೆಯದು ಹೊರಟಿತು. ಅದಕ್ಕೂ ಅದೇ ಗತಿ. ಐದನೆಯದೇ ‘ಟ್ಯಾಮ್-5’. ಅದಕ್ಕೆ ‘ಸ್ಪಿರಿಟ್ ಆಫ್ ಬಟ್ಸ್ ಫಾರ್ಮ್’ ಎಂದೂ ಹೆಸರಿಟ್ಟಿದ್ದರು. 1927ರಲ್ಲಿ ಲಿಂಡ್‌ಬರ್ಗನು ಏಕಾಕಿಯಾಗಿ ಸಾಗರ ದಾಟಿದ ‘ಸ್ಪಿರಿಟ್ ಆಫ್ ಸೇಂಟ್ ಲೂಯಿ’ಯನ್ನು ನೆನಪಿಸುವ ಹೆಸರು; ಬಟ್ಸ್ ಫಾರ್ಮ್ ಎಂಬುದು ಪರೀಕ್ಷಾ ಹಾರಾಟಗಳು ನಡೆದ ಹೊಲ.

ಗುರಿಯನ್ನು ಆರಿಸಿದುದರಲ್ಲಿಯೂ ಅಭಿಮಾನವಿತ್ತು. 1919ರ ಜೂನ್ ತಿಂಗಳಲ್ಲಿ ಆಲ್ಕಾಕ್, ಬ್ರೌನ್ ಎಂಬಿಬ್ಬರು ಮೊದಲ ಬಾರಿಗೆ ಎಲ್ಲಿಯೂ ನಿಲ್ಲದೆ ಅಟ್ಲಾಂಟಿಕ್ಕನ್ನು ವಿಮಾನದಲ್ಲಿ ದಾಟಿದ್ದು ಇದೇ ನ್ಯೂಫೌಂಡ್‌ಲೆಂಡಿನಿಂದ. ಅವರು ಇಳಿದದ್ದು ಐರ್ಲೆಂಡಿನ ಕ್ಲಿಫ್ಡನ್ ಬಳಿಯ ಜೌಗುನೆಲದಲ್ಲಿ, ಮೂತಿ ಮುಂದಾಗಿ. ಟ್ಯಾಮ್-5 ಸೇರಬೇಕಾಗಿದ್ದುದು ಆ ಜೌಗಿಗೆ ಸಮೀಪದ ಮ್ಯಾನಿನ್ ಕೊಲ್ಲಿಯ ದಡಕ್ಕೆ.

ಸುಮಾರು 300 ಮೀಟರ್ ಎತ್ತರದಲ್ಲಿ ಅದು ರಾತ್ರಿಯೊಳಕ್ಕೆ ಹಾರಿಹೋಯಿತು. ಉಪಗ್ರಹದ ಮೂಲಕ ಆಗಾಗ ತನ್ನ ಸ್ಥಾನವನ್ನು ತಿಳಿಸುತ್ತಿತ್ತು. ನಡುವೆ ಗಂಟೆಗಳ ಕಾಲ ಆ ಸುದ್ದಿಯೂ ನಿಂತಿತು. ನಾಲ್ಕನ್ನು ಕಳೆದುಕೊಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ಸುದ್ದಿ ಮತ್ತೆ ಬಂದಿತು: ದಾರಿ ತಪ್ಪಿಲ್ಲ, ಎಂಜಿನು ನಿಂತಿಲ್ಲ. ಇನ್ನೊಂದು ಹಗಲು, ಇನ್ನೊಂದು ರಾತ್ರಿ ಕಳೆದವು.

ಆಗಸ್ಟ್ 11ರ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಮ್ಯಾನಿನ್ ಕೊಲ್ಲಿಯ ಮೇಲೆ ಒಂದು ಚುಕ್ಕೆ ಕಂಡಿತು. ದಡದಲ್ಲಿ ರೇಡಿಯೋ ಪೆಟ್ಟಿಗೆ ಹಿಡಿದು ಕಾದಿದ್ದ ಡೇವ್ ಬ್ರೌನ್ ಎಂಬ ಅನುಭವಿ ಹವ್ಯಾಸಿಯು ಅದನ್ನು ತನ್ನ ಕೈಗೆ ತೆಗೆದುಕೊಂಡು ಹುಲ್ಲಿನ ಮೇಲೆ ಇಳಿಸಿದನು. ಹಾರಾಟ 38 ಗಂಟೆ 52 ನಿಮಿಷಗಳನ್ನು ಮೀರಿತ್ತು. ಕ್ರಮಿಸಿದ ದೂರ ಸುಮಾರು 3,028 ಕಿಲೋಮೀಟರ್. ಸಾಗರದ ಈಚೆ ದೂರವಾಣಿಯನ್ನು ಕಿವಿಗೆ ಒತ್ತಿಕೊಂಡಿದ್ದ ಹಿಲ್ಲನು, ವಿಮಾನ ನೆಲ ಮುಟ್ಟಿತೆಂಬ ಮಾತು ಕೇಳಿದೊಡನೆ ಹೆಂಡತಿಯನ್ನು ತಬ್ಬಿಕೊಂಡು ಅತ್ತುಬಿಟ್ಟನು.

ಟ್ಯಾಮ್-5ರ ತೊಟ್ಟಿಯಲ್ಲಿ ಆಗ ಉಳಿದಿದ್ದ ಎಣ್ಣೆ ಕೆಲವೇ ಚಮಚ.